ಮುಂಗಡ

ಕೂತುಕೊಳ್ಳಿ. ರಸೀದಿ ಪುಸ್ತಕ ಆಮೇಲೆ ತೆಗೆಯುತ್ತೇನೆ.
ಮೊದಲು ದೋಣಿ ನೋಡಿ. ಆ ನೀಲಿಯದಲ್ಲ, ಅದರಾಚೆ,
ಬಣ್ಣ ಕಿತ್ತ ಹಸಿರು. ಹಿಂಬದಿಗೆ ಏಣಿ,
ಮೂರು ಮೆಟ್ಟಿಲಲ್ಲಿ ಒಂದು ಮೊನ್ನೆ ಮುರಿಯಿತು.
ಇಳಿಯುವುದು ಎಲ್ಲರಿಗೂ ಬರುತ್ತದೆ.
ಹತ್ತಲು ತೋಳಿನಲ್ಲಿ ಕಸುವಿದೆಯೇ?

ತೇಲುವ ಅಂಗಿ ನನ್ನಲ್ಲಿ ಒಂಬತ್ತು.
ಹತ್ತನೆಯವರು ದಡದಲ್ಲಿ.
ಪಕ್ಕದ ಮಸ್ರಿನ್ ಹದಿನಾಲ್ಕು ಜನ ಹಿಡಿಸುತ್ತಾನೆ, ಅಗ್ಗವೂ ಹೌದು.
ಅವನಲ್ಲಿಗೆ ಹೋದರೆ ಅಂಗಿಯ ಬಕಲ್ ಒಮ್ಮೆ ಎಳೆದು ನೋಡಿ.
ಕೈಗೆ ಬಂದರೆ ಅವನಿಗೇ ಕೊಟ್ಟುಬಿಡಿ.

ದರದಲ್ಲಿ ಊಟ ಸೇರಿದೆ:
ಸುಟ್ಟ ಮೀನು, ಅನ್ನ, ಕಣ್ಣಲ್ಲಿ ನೀರು ತರಿಸುವ ಸಂಬಲ್.
ಆಚೆ ದ್ವೀಪಕ್ಕೆ ಕಾಲಿಡುವ ಶುಲ್ಕ ಸೇರಿಲ್ಲ.
ಅದನ್ನು ನಡುನೀರಿನಲ್ಲಿ ಹೇಳುವುದು ಈ ಕಟ್ಟೆಯ ಪದ್ಧತಿ;
ನಾನು ನೆಲದ ಮೇಲೇ ಹೇಳಿಬಿಟ್ಟೆ.

ಪಡುವಣ ಗಾಳಿ ಎದ್ದು ಇಂದಿಗೆ ಹನ್ನೊಂದು ದಿನ.
ಗಾಳಿ ಬಂದಾಗ ತೂರಿಕೋ ಎನ್ನುವುದು
ಕಣವಿದ್ದವರ ಮಾತು.
ನಮ್ಮ ಮನೆಗಳು ನಿಂತಿರುವುದೇ ನೀರಿನಲ್ಲಿ, ಗಳುಗಳ ಮೇಲೆ.
ಗಾಳಿ ಬಂದರೆ ದೋಣಿ ಕಟ್ಟಿಹಾಕಿ
ಬಲೆ ಹೊಲಿಯುತ್ತ ಜಗಳವಾಡುತ್ತೇವೆ.

ಮುಖವಾಡವನ್ನು ಪಟ್ಟಿ ಬಿಗಿಯದೆ ಮುಖಕ್ಕೆ ಒತ್ತಿ,
ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿ ನಿಂತರೆ
ಅದು ನಿಮ್ಮದು. ಮೀಸೆಯವರಿಗೆ ನೀರು ಜಿನುಗುತ್ತದೆ,
ಮೀಸೆಯ ಮೇಲೆ ಪ್ರೀತಿಯಿದ್ದರೆ ಉಪ್ಪು ಕುಡಿಯಿರಿ.
ಗಾಜಿಗೆ ಉಗುಳಿ ತಿಕ್ಕಿ.
ಹೇಸಬೇಡಿ, ನಿಮ್ಮದೇ ಉಗುಳು.

ಆ ಬಿಳಿ ಕ್ರೀಮಿನ ಬದಲು ಉದ್ದ ತೋಳಿನ ಅಂಗಿ ತೊಡಿ.
ನಾವು ಹೆಂಗಸರು ಅಕ್ಕಿಹಿಟ್ಟು ಅರಿಶಿನ ಮೆತ್ತಿಕೊಳ್ಳುತ್ತೇವೆ,
ಬೇಕಿದ್ದರೆ ನಿಮಗೂ ಬಳಿಯುತ್ತೇನೆ,
ಅದಕ್ಕೆ ಶುಲ್ಕವಿಲ್ಲ, ನಗು ಮಾತ್ರ.

ಆಮೆ ಸಿಗುತ್ತದೆಯೇ?
ಖಂಡಿತ ಎಂದು ಹಲಗೆಯಲ್ಲಿ ಬರೆದವರು
ಆಮೆಯನ್ನು ಕೇಳಿ ಬರೆದಿಲ್ಲ.

ಮೂರನೆಯ ಜಾಗ, ಚಿತ್ರದಲ್ಲಿ ಕೆಂಪು ನೇರಳೆ ತೋಟ,
ಆ ಚಿತ್ರ ಹಳೆಯದು.
ಈಗ ಅಲ್ಲಿ ಮಡಕೆ ಚೂರಿನ ತಿಪ್ಪೆ.
ಬಾಟಲಿಗೆ ಗೊಬ್ಬರ ತುಂಬಿ, ಬತ್ತಿ ಹಚ್ಚಿ ಎಸೆಯುತ್ತಿದ್ದರು,
ಒಂದು ಗುಡುಗು, ಆಮೇಲೆ ಹೊಟ್ಟೆ ಮೇಲಾದ ಮೀನು ಬುಟ್ಟಿಗಟ್ಟಲೆ.
ನಮ್ಮಪ್ಪನೂ ಎಸೆದವನೇ.
ಎಡಗೈಯಲ್ಲಿ ಎರಡು ಬೆರಳು ಉಳಿದಿದ್ದವು.
ಆ ಎರಡು, ಬಲಗೈಯ ಐದು, ಸೇರಿಸಿ
ನನಗೆ ಜಡೆ ಹೆಣೆಯುತ್ತಿದ್ದ, ಬಿಗಿಯಾಗಿ,
ಸಂಜೆಯವರೆಗೂ ಬಿಚ್ಚುತ್ತಿರಲಿಲ್ಲ.

ಕೇಳಿದರೆ ಅಲ್ಲಿಗೂ ಕರೆದೊಯ್ಯುತ್ತೇನೆ.
ಚೂರುಗಳ ನಡುವೆ ಅಂಗೈಯಗಲ ಹವಳ ಮತ್ತೆ ಹತ್ತಿಕೊಂಡಿದೆ.
ಅದಕ್ಕೆಂದು ಈವರೆಗೆ ಯಾರೂ ದುಡ್ಡು ಕೊಟ್ಟಿಲ್ಲ.

ದಣಿದರೆ ಅಂಗಾತ ತೇಲಿ. ಕಾಲು ಮಾತ್ರ ಊರಬೇಡಿ,
ಕಲ್ಲಿನಂತೆ ಕಂಡದ್ದೆಲ್ಲ ಕಲ್ಲಲ್ಲ.
ಇನ್ನೊಂದು. ನಮ್ಮಲ್ಲಿ ಕೂಸು ಹುಟ್ಟಿದರೆ
ಮಾಸನ್ನು ತೆಂಗಿನ ಕರಟದಲ್ಲಿಟ್ಟು ನೀರಿಗೆ ಬಿಡುತ್ತೇವೆ.
ಅದು ಕೂಸಿನ ಒಡಹುಟ್ಟು. ಕೆಳಗೇ ಬೆಳೆಯುತ್ತದೆ.
ನನ್ನ ರಸ್ಮಿಯಾಗೆ ಮೊನ್ನೆ ಮುಂದಿನ ಹಲ್ಲು ಬಿತ್ತು.
ಅಲ್ಲಿ ಅದಕ್ಕೂ ಬಿದ್ದಿರಬೇಕು.
ನೀವು ನಂಬಬೇಕೆಂದಿಲ್ಲ,
ತುಳಿಯದಿದ್ದರೆ ಸಾಕು.

ನಾಳೆ ಬೇಡ. ದುಡ್ಡು ಜೇಬಿನಲ್ಲೇ ಇರಲಿ.
ಬೆಳಗ್ಗೆ ಎದ್ದು ಆಚೆ ಬೆಟ್ಟದ ಹೊಗೆ ನೋಡಿ,
ನೆಟ್ಟಗೆ ಏರಿದ ದಿನ ಬನ್ನಿ.

ಅಯ್ಯೋ, ಕೇಳುವುದನ್ನೇ ಮರೆತೆ. ಈಜು ಬರುತ್ತದೆಯೇ?
ಕೊಳದಲ್ಲಿ ಕಲಿತದ್ದು.
ಆಗಲಿ.
ಕೊಳದ ಕೊನೆಗೆ ಗೋಡೆ ಇರುತ್ತದಲ್ಲ, ಕೈತಾಗಿಸಿ ತಿರುಗಲು.
ಇಲ್ಲೂ ಒಂದು ಗೋಡೆ ಇದೆ.
ಅದು ಕೆಳಮುಖವಾಗಿ ಹೋಗುತ್ತದೆ.